ಕೈಗೆ ಕೆಲಸ ಕೊಡದೆ ‘ಏನೂ ಬರಲ್ಲ’ ಅಂದರೆ ಹೇಗೆ?

ನನ್ನ ತವರು ಶನಿವಾರಸಂತೆ ಕಡೆ. ಮದುವೆಯಾಗಿ ಮಡಿಕೇರಿ ಹತ್ತಿರದ ಈ ತೋಟದ ಮನೆಗೆ ಬಂದು 48 ವರ್ಷ ಆಯಿತು. ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ತವರಲ್ಲಿ ಮಳೆಗಾಲದಲ್ಲೂ ನಡುನಡುವೆ ಹೊಳವು ಕೊಡುತ್ತಿತ್ತು, ಬಟ್ಟೆ ಹೇಗೋ ಒಣಗುತ್ತಿತ್ತು. ಇಲ್ಲಿಗೆ ಬಂದ ಮೊದಲ ಕಕ್ಕಡದಲ್ಲಿ, ಅಂದರೆ ಜಡಿಮಳೆಯ ತಿಂಗಳಲ್ಲಿ, ನಮ್ಮವರ ಶರ್ಟು ನಾಲ್ಕು ದಿನವಾದರೂ ಒಣಗದೆ ಬೂಷ್ಟು ಹಿಡಿಯಿತು. ನಾನು ಅಡುಗೆಮನೆ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಅತ್ತೆ ಬೈಯಲಿಲ್ಲ. ಒಂದು ಬಿದಿರು ಬುಟ್ಟಿ ತಂದು, ಕೆಂಡ ತುಂಬಿದ ಮಡಕೆಯ ಮೇಲೆ ಕವುಚಿ, “ಇದರ ಮೇಲೆ ಹರಡು. ಬಿಟ್ಟು ಮಾತ್ರ ಹೋಗಬೇಡ” ಅಂದರು. ನಾನು ಬಿಟ್ಟು ಹೋದೆ. ಸೀರೆಯ ಸೆರಗಿಗೆ ರೂಪಾಯಿ ಅಗಲದ ತೂತು ಬಿತ್ತು. ಆಮೇಲೆ ಯಾವತ್ತೂ ಬಿಟ್ಟು ಹೋಗಿಲ್ಲ.

ನನ್ನ ವಯಸ್ಸಿನವರು ಸೇರಿದಾಗೆಲ್ಲ “ಈಗಿನ ಮಕ್ಕಳಿಗೆ ಏನೂ ಬರಲ್ಲ” ಅನ್ನುವ ಮಾತು ಬಂದೇ ಬರುತ್ತದೆ. ಆಗ ನನಗೆ ಆ ತೂತು ನೆನಪಾಗುತ್ತದೆ. ಇನ್ನೊಂದು ವಿಷಯವೂ ನೆನಪಾಗುತ್ತದೆ, ಅದು ಸ್ವಲ್ಪ ನೋಯಿಸುವಂಥದ್ದು. ನನ್ನ ಮಗ ಹತ್ತನೇ ಕ್ಲಾಸಿನಲ್ಲಿದ್ದಾಗ ಸೌದೆ ಒಡೆಯಲು ಕೊಡಲಿ ಎತ್ತಿಕೊಂಡಿದ್ದ. ನಾನೇ ಓಡಿಹೋಗಿ ಕಿತ್ತುಕೊಂಡೆ. “ನೀನು ಓದ್ಕೋ ಹೋಗು, ಇದಕ್ಕೆ ಆಳುಗಳಿದ್ದಾರೆ” ಅಂದೆ. ಮಗಳನ್ನು ಒಲೆ ಹತ್ತಿರ ಬಿಡಲಿಲ್ಲ. ನಮ್ಮ ಕಷ್ಟ ಅವರಿಗೆ ಬೇಡ ಅನ್ನುವ ಆಸೆ ಇತ್ತು, ಆ ಆಸೆ ತಪ್ಪು ಅಂತ ಈಗಲೂ ಅನಿಸುವುದಿಲ್ಲ. ಆದರೆ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಂಡವರು ನಾವೇ. ಈಗ ಬರಲ್ಲ ಅಂತ ದೂರಿದರೆ ಹೇಗೆ?

ಹೋದ ವರ್ಷ ಮಳೆಗಾಲಕ್ಕೆ ಮೊಮ್ಮಗ ಬಂದ. ಬೆಂಗಳೂರಿನ ಕಂಪನಿ, ಮನೆಯಿಂದಲೇ ಕೆಲಸ. ಮೂರು ತಿಂಗಳು ಇಲ್ಲೇ ಇದ್ದ. ಬಂದ ಮೂರನೇ ದಿನವೇ ಗಾಳಿಗೆ ಮರ ಬಿದ್ದು ಲೈನ್ ಹೋಯಿತು. “ಅಜ್ಜಿ, ಕರೆಂಟ್ ಎಷ್ಟು ಹೊತ್ತಿಗೆ ಬರುತ್ತೆ?” ಅಂತ ಕೇಳಿದ. ಎಷ್ಟು ಹೊತ್ತಿಗೆ ಅಂತ ಅಲ್ಲ, ಎಷ್ಟು ದಿನಕ್ಕೆ ಅಂತ ಕೇಳು ಅಂದೆ. ಅವನ ಮುಖ ನೋಡಿ ಪಾಪ ಅನಿಸಿತು. ಆವತ್ತು ರಾತ್ರಿಯೇ ಒಂದು ತೀರ್ಮಾನ ಮಾಡಿದೆ. ಇವನಿಗೆ ವಾರಕ್ಕೊಂದು ಕೆಲಸ ಕೊಡಬೇಕು. ಕೊಟ್ಟರೆ ಮೊದಲಿಂದ ಕೊನೆವರೆಗೆ ಪೂರ್ತಿ ಕೊಡಬೇಕು. “ಸ್ವಲ್ಪ ಹಿಡ್ಕೋ”, “ಅದನ್ನು ಇತ್ಲಾಗೆ ಕೊಡು” ಅಂತ ಕೈಯಾಳಿನ ಕೆಲಸ ಮಾಡಿಸಿದರೆ ಯಾರೂ ಏನೂ ಕಲಿಯುವುದಿಲ್ಲ. ಮಾಡುವಾಗ ನಾನು ಕೈ ಹಾಕಬಾರದು. ಈ ಕೊನೆಯದೇ ನನಗೆ ತುಂಬಾ ಕಷ್ಟವಾಗಿದ್ದು.

ಮೊದಲು ಕೊಟ್ಟಿದ್ದು ಒಲೆ ಹಚ್ಚುವ ಕೆಲಸ. ಅರ್ಧ ಬೆಂಕಿಪೊಟ್ಟಣ ಖಾಲಿಯಾಯಿತು, 40 ನಿಮಿಷ ಹಿಡಿಯಿತು, ಅಡುಗೆಮನೆ ತುಂಬ ಹೊಗೆ. ಸೊಸೆ ನೆರವಿಗೆ ಬಂದಳು, ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿದೆ. ಅವನು ದಪ್ಪ ಕೊರಡಿಗೇ ನೇರವಾಗಿ ಕಡ್ಡಿ ಗೀರಿ ಹಿಡಿಯುತ್ತಿದ್ದ. ಕೊನೆಗೆ ತಾನೇ ತೆಂಗಿನ ಗರಿ ಮುರಿದು, ಮೇಲೆ ಸಣ್ಣ ಸೀಳು ಇಟ್ಟು, ಗಾಳಿಗೆ ಸಂದು ಬಿಟ್ಟ. ಬೆಂಕಿ ಹಿಡಿಯಿತು. ಆಮೇಲೆ ಕೂತು ಸೌದೆಯ ಸಂಗತಿ ಹೇಳಿದೆ. ನಿಮಗೂ ಹೇಳುತ್ತೇನೆ, ಯಾಕೆಂದರೆ ಗ್ಯಾಸ್ ಇದ್ದರೂ ನಮ್ಮ ಕಡೆ ಮಳೆಗಾಲದಲ್ಲಿ ಸೌದೆ ಬೇಕೇ ಬೇಕು.

ಸೌದೆ ಕಡಿಸುವುದು ಫೆಬ್ರವರಿ, ಮಾರ್ಚ್‌ನಲ್ಲಿ ಮುಗಿಯಬೇಕು. ಮೇ ಕೊನೆಗೆ ಕೊಟ್ಟಿಗೆ ಸೇರಿರಬೇಕು. ನೆಲಕ್ಕೆ ತಾಗಿಸಿ ಪೇರಿಸಬೇಡಿ. ಕೆಳಗೆ ಎರಡು ಉದ್ದ ಕೊರಡು ಹಾಕಿ, ಅದರ ಮೇಲೆ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಇಟ್ಟರೆ ಗಾಳಿ ಆಡುತ್ತದೆ. ಸಿಲ್ವರ್ ಓಕ್ ಬೇಗ ಹಿಡಿಯುತ್ತದೆ, ಬೇಗ ಆರುತ್ತದೆ. ಹಳೇ ಕಾಫಿ ಗಿಡ ಕಿತ್ತ ಕೊರಡು ಗಟ್ಟಿ, ನಿಧಾನವಾಗಿ ಉರಿದು ಒಳ್ಳೆ ಕೆಂಡ ಕೊಡುತ್ತದೆ. ಹಚ್ಚಲು ಅದು, ಬೇಯಿಸಲು ಇದು. ನಾಳೆಯ ಸೌದೆಯನ್ನು ಇವತ್ತೇ ತಂದು ಒಲೆ ಪಕ್ಕ ಇಟ್ಟರೆ ಬೆಳಗ್ಗೆ ಹೊಗೆ ಕಮ್ಮಿ. ಬೆಂಕಿಪೊಟ್ಟಣವನ್ನು ಗಾಜಿನ ಬಾಟಲಿಯಲ್ಲಿ, ತಳಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಗಟ್ಟಿ ಮುಚ್ಚಿಡಿ. ಚಳಿ ಅಂತ ಕೆಂಡದ ಮಡಕೆ ಇಟ್ಟುಕೊಂಡು ಬಾಗಿಲು, ಕಿಟಕಿ ಹಾಕಿ ಮಲಗಬೇಡಿ, ದಯವಿಟ್ಟು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಗ್ಯಾಸಿನ ವಿಷಯದಲ್ಲಿ ನನ್ನ ಅತ್ತೆಗೆ ಏನೂ ಗೊತ್ತಿರಲಿಲ್ಲ, ಅದು ನಮ್ಮ ಕಾಲದಲ್ಲಿ ಬಂದಿದ್ದು. ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಅಂತ ನೋಡಲು ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒಮ್ಮೆ ಒರೆಸಿ. ಖಾಲಿ ಭಾಗ ಬೇಗ ಆರುತ್ತದೆ, ಗ್ಯಾಸ್ ಇರುವ ಭಾಗ ಸ್ವಲ್ಪ ಹೊತ್ತು ಒದ್ದೆಯಾಗೇ ಇರುತ್ತದೆ. ಹಿಡಿಕೆ ಹತ್ತಿರ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ವರ್ಷ ಬರೆದಿರುತ್ತಾರೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಷ್ಟರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ ಅರ್ಥ. ಅವಧಿ ಮೀರಿದ್ದು ಬಂದರೆ ತೆಗೆದುಕೊಳ್ಳಬೇಡಿ. ಇದನ್ನು ಮೊಮ್ಮಗನಿಗೆ ಹೇಳಿದಾಗ ಬೆಂಗಳೂರಿನ ರೂಮಿನಲ್ಲಿ ನಾಲ್ಕು ವರ್ಷ ಒಮ್ಮೆಯೂ ನೋಡಿಲ್ಲ ಅಂದ.

ಬಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಈಗ ಮೆಷಿನ್ ಇದೆ, ಎರಡು ಸಲ ಹಿಂಡಿಸಿ. ಬಟ್ಟೆಗೂ ಬಟ್ಟೆಗೂ ಒಂದು ಗೇಣು ಜಾಗ ಬಿಟ್ಟು ಫ್ಯಾನಿನ ಕೆಳಗೆ ಹಾಕಿ. ಮಲಗುವ ಕೋಣೆಯಲ್ಲಿ ಮಾತ್ರ ಬೇಡ. ಬೂಟಿನೊಳಗೆ ಹಳೇ ಪೇಪರ್ ತುರುಕಿಡಿ. ಆಗಸ್ಟ್‌ನಲ್ಲಿ ಒಂದು ಗಂಟೆ ಬಿಸಿಲು ಬಂದರೂ ಬೇರೆ ಕೆಲಸ ಬಿಟ್ಟು ಬೀರುವಿನ ಬಾಗಿಲು ತೆರೆಯಿರಿ.

ಇನ್ನು ಮಳೆ ಅಳೆಯುವುದು. ಈ ಕೆಲಸ ನಮ್ಮ ಮಾವನವರದು, ಅವರ ನಂತರ ನಮ್ಮವರದು. ಅಂಗಳದ ನಡುವೆ, ಮರದ ಹನಿ ಬೀಳದ ಜಾಗದಲ್ಲಿ ರೈನ್‌ಗೇಜ್ ನೆಟ್ಟಿದ್ದೇವೆ. ಬೆಳಗ್ಗೆ ಎಂಟಕ್ಕೆ ಅದರ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಓದಬೇಕು. ಮೇಲಿಂದ ನೋಡಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಈಗಲೂ ಇಂಚು, ಸೆಂಟ್ ಲೆಕ್ಕವೇ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಪುಸ್ತಕದಲ್ಲಿ ದಿನಾಂಕ, ಮಳೆ, ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ. ಮಾವನವರ ಅಕ್ಷರ ಇರುವೆ ಸಾಲಿನಂತೆ ಇರುತ್ತಿತ್ತು: ‘ಹೂ ಬಿಟ್ಟಿತು’, ‘ಕೆರೆ ತುಂಬಿತು’, ‘ಕರು ಹಾಕಿತು’.

ಮೊಮ್ಮಗ ಫೋನಿನಲ್ಲಿ ಮಳೆ ನೋಡುತ್ತಾನೆ. ಮೋಡ ಎತ್ತ ಹೋಗುತ್ತಿದೆ ಅಂತ ತೋರಿಸಿದಾಗ ನನಗೂ ಆಶ್ಚರ್ಯವಾಯಿತು. ಆದರೆ ಫೋನು ಮಡಿಕೇರಿಯ ಮಳೆ ಹೇಳುತ್ತದೆ, ನಮ್ಮ ಗುಡ್ಡದ ಮಳೆ ಹೇಳುವುದಿಲ್ಲ. ಕಾಫಿಯವರಿಗೆ ಆ ವ್ಯತ್ಯಾಸವೇ ಮುಖ್ಯ. ಮಾರ್ಚ್ ಹೊತ್ತಿಗೆ ಹೂಮಳೆ ಸುಮಾರು ಒಂದು ಇಂಚು ಬಿದ್ದರೆ ಎಂಟು, ಹತ್ತು ದಿನಕ್ಕೆ ಹೂ ಅರಳುತ್ತದೆ. ಆಮೇಲೆ ಕಾಯಿ ನಿಲ್ಲಲು ಇನ್ನೊಂದು ಮಳೆ ಬೇಕು. ಮೂವತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ಆಗ ಈ ಗ್ಲಾಸೇ ಹೇಳಬೇಕು. ಅವನು ಒಂದು ದಿನವೂ ತಪ್ಪಿಸದೆ ಅಳೆದ. ಆಫೀಸಿನ ಮೀಟಿಂಗ್ ಎಂಟೂವರೆಗೆ, ಕೊಡೆ ಹಿಡಿದು ಎಂಟಕ್ಕೆ ಅಂಗಳದಲ್ಲಿ.

ಆ ಪುಸ್ತಕದಲ್ಲಿ ಒಂದು ವಾರದ ಪುಟ ಖಾಲಿ ಇದೆ. ಯಾಕೆ ಅಂತ ಅವನು ಕೇಳಿದ. ಅದು 2018ರ ಆಗಸ್ಟ್. ಮಕ್ಕಂದೂರು, ಮಾದಾಪುರ, ಜೋಡುಪಾಲ ಕಡೆ ಗುಡ್ಡಗಳು ಜಾರಿದ ವಾರ. ನಮ್ಮ ಮನೆ ಹಿಂದಿನ ಬರೆಯಲ್ಲೂ, ಅಂದರೆ ಕಡಿದಾದ ಮಣ್ಣಿನ ದಿಬ್ಬದಲ್ಲೂ, ಕೈ ತೂರುವಷ್ಟು ಬಿರುಕು ಬಿಟ್ಟಿತ್ತು, ಎಂದೂ ಇಲ್ಲದ ಜಾಗದಲ್ಲಿ ಕೆಸರು ನೀರು ಒಸರುತ್ತಿತ್ತು. ನಮ್ಮವರು “ಅಜ್ಜನ ಕಾಲದಿಂದ ಇರೋ ಗುಡ್ಡ, ಏನಾಗಲ್ಲ” ಅಂದರು. ನಾನೂ ಹೂಂ ಅಂದೆ. ಬೆಂಗಳೂರಿನಿಂದ ಮಗ ಬಿಡದೆ ಫೋನ್ ಮಾಡಿ, ಎಲ್ಲೆಲ್ಲಿ ಏನಾಗಿದೆ ಅಂತ ಹೇಳಿ, ಅತ್ತು, ನಮ್ಮನ್ನು ಹೊರಡಿಸಿದ. ಉಟ್ಟ ಬಟ್ಟೆಯಲ್ಲೇ ನಾದಿನಿ ಮನೆಗೆ ಹೋದೆವು. ಮರುದಿನ ಆ ಬರೆ ಬಚ್ಚಲುಮನೆಯವರೆಗೆ ಬಂದು ನಿಂತಿತ್ತು. ನಮಗೆ ಗೊತ್ತಿದ್ದ ಮಳೆ ಬೇರೆ, ಆ ವರ್ಷ ಬಂದ ಮಳೆ ಬೇರೆ. ಗುಡ್ಡದ ಬುಡದಲ್ಲಿ ಮನೆ ಇರುವವರು ಇದನ್ನು ನೆನಪಿಡಿ. ನೆಲದಲ್ಲಿ ಹೊಸ ಬಿರುಕು ಕಂಡರೆ, ಮರ, ಕಂಬ ವಾಲಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ನಿಂತರೆ ಹಿರಿಯರ ಅನುಭವ ಕೇಳುತ್ತ ಕೂರಬೇಡಿ. ಮೊದಲು ಮನೆ ಬಿಡಿ.

ನಮ್ಮ ಕಾಲದವರಿಗೂ ಈ ಮಕ್ಕಳಿಗೂ ನಾನು ಕಂಡ ದೊಡ್ಡ ವ್ಯತ್ಯಾಸ ಕೆಲಸದಲ್ಲಿ ಇಲ್ಲ, ಕೇಳುವುದರಲ್ಲಿದೆ. ಅತ್ತೆಗೆ “ಯಾಕೆ?” ಅಂದರೆ ಎದುರು ಮಾತಾಡಿದಂತೆ ಆಗುತ್ತಿತ್ತು. ಇವನು ಪ್ರತಿಯೊಂದಕ್ಕೂ ಯಾಕೆ ಅನ್ನುತ್ತಾನೆ. ಮೊದಮೊದಲು ಕಿರಿಕಿರಿ ಆಗುತ್ತಿತ್ತು. ಜುಲೈಯಲ್ಲಿ ಬೇಲಿಯ ಬಿದಿರಿನಿಂದ ಕಣಿಲೆ, ಅಂದರೆ ಎಳೆ ಮೊಳಕೆ, ಮುರಿದು ತಂದೆವು. ಹೊರಗಿನ ಒರಟು ಪದರ ತೆಗೆದು, ಎಳೆಯ ಭಾಗವನ್ನು ತೆಳ್ಳಗೆ ಹೆಚ್ಚಿ ನೀರಿನಲ್ಲಿ ಹಾಕಬೇಕು. ದಿನಕ್ಕೊಮ್ಮೆ ನೀರು ಬದಲಿಸಿ ಎರಡು ಮೂರು ದಿನ ನೆನೆಸಬೇಕು. ಆಮೇಲೆ ಮುಚ್ಚಳ ಹಾಕದೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. “ಯಾಕಜ್ಜಿ, ಇವತ್ತೇ ಮಾಡಬಾರದಾ?” ಅಂದ. ಕಹಿ ಹೋಗಬೇಕು ಅಂತ ಮಾತ್ರ ನನಗೆ ಗೊತ್ತಿದ್ದದ್ದು. ಅವನು ಓದಿ ಹೇಳಿದ. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದಂತೆ, ನೆನೆಸಿ ಬೇಯಿಸಿದರೆ ಹೋಗುತ್ತದಂತೆ. ಇಷ್ಟು ವರ್ಷ ಮಾಡಿದ ಕೆಲಸದ ಕಾರಣ ನನಗೆ 70 ದಾಟಿದ ಮೇಲೆ ತಿಳಿಯಿತು. ಈಗ ಯಾರಿಗೆ ಕಣಿಲೆ ಕೊಟ್ಟರೂ ಕಾರಣವನ್ನೂ ಸೇರಿಸಿಯೇ ಹೇಳುತ್ತೇನೆ. ಕಾರಣ ಗೊತ್ತಿದ್ದವರು ಅರ್ಜೆಂಟಿನಲ್ಲಿ ಒಂದು ದಿನ ಕಮ್ಮಿ ಮಾಡುವುದಿಲ್ಲ.

ಇಡೀ ದಿನ ಕೂತೇ ಇರ್ತಾನೆ, ಅದೆಂಥ ಕೆಲಸ ಅಂತ ಪಕ್ಕದ ತೋಟದವರು ಕೇಳಿದರು. ನನಗೂ ಹಾಗೇ ಅನಿಸಿತ್ತು. ಒಂದು ರಾತ್ರಿ ನೀರು ಕುಡಿಯಲು ಎದ್ದರೆ ಎರಡು ಗಂಟೆಯಲ್ಲೂ ಅವನ ಮುಂದೆ ಪರದೆ ಬೆಳಗುತ್ತಿತ್ತು. ಎಲ್ಲಿಯೋ ಏನೋ ಕೆಟ್ಟಿದೆ, ಸರಿ ಮಾಡುವವರೆಗೆ ಏಳುವಂತಿಲ್ಲ ಅಂದ. ನಾವು ನಾಟಿ ಮುಗಿಯುವವರೆಗೆ ಗದ್ದೆಯಿಂದ ಏಳುತ್ತಿರಲಿಲ್ಲ. ನಾನು ಬಿಸಿ ಹಾಲು ಮಾಡಿ ಕೊಟ್ಟು ಮಲಗಿದೆ. ಒಂದು ಕೊರತೆ ಮಾತ್ರ ನನಗೆ ಕಾಣುತ್ತದೆ. ನಮಗೆ ನಾಟಿಗೆ ಮುಯ್ಯಾಳು ಇತ್ತು. ಇವತ್ತು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನಾವು. ಇವರು ಕಷ್ಟ ಬಂದರೂ ಒಬ್ಬರೇ ಕೂತು ಮಾಡುತ್ತಾರೆ, ಪಕ್ಕದವರನ್ನು ಕರೆಯಲು ಸಂಕೋಚ.

ಹೊರಡುವ ಮುಂಚೆ ಅವನು ನನಗೆ ಫೋನಿನಲ್ಲಿ ದುಡ್ಡು ಕಟ್ಟುವುದು ಕಲಿಸಿದ. ಮೊದಲ ದಿನ ಫೋನ್ ತಾನೇ ತೆಗೆದುಕೊಂಡು ಟಕಟಕ ಒತ್ತಿ “ಇಷ್ಟೇ ಅಜ್ಜಿ” ಅಂದ. ನನಗೆ ಏನೂ ಹತ್ತಲಿಲ್ಲ. “ಫೋನ್ ನನ್ನ ಕೈಯಲ್ಲೇ ಇರಲಿ, ನೀನು ಬಾಯಲ್ಲಿ ಹೇಳು” ಅಂದೆ. ದುಡ್ಡು ಬರಬೇಕಾದರೆ ಪಿನ್ ಹಾಕುವುದು ಬೇಡ, ಯಾರಾದರೂ ಹಾಗೆ ಹಾಕಿಸಿದರೆ ಅದು ಮೋಸ ಅಂತ ಹೇಳಿದ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಕರೆಂಟ್ ಬಿಲ್ ಕಟ್ಟಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು, ಎರಡು ಸಲ ತಪ್ಪು ನಂಬರ್ ಒತ್ತಿದೆ. ಅವನು ಎದುರಿಗೆ ಕೂತು, ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ನೋಡುತ್ತಿದ್ದ.