ಸಣ್ಣ ಆರ್‌ಎನ್‌ಎ ಜಾಸ್ತಿ ಇದ್ದ ಮಾತ್ರಕ್ಕೆ ಗಿಡ ಗೆದ್ದಂತಲ್ಲ

ವೈರಸ್ ತಗುಲಿದಾಗ ಗಿಡ ಅದರ ಜೋಡಿ ಎಳೆ ಆರ್‌ಎನ್‌ಎಯನ್ನು ಚಿಕ್ಕ ತುಣುಕುಗಳಾಗಿ ಕತ್ತರಿಸಿ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತದೆ. ಈ ತುಣುಕುಗಳೇ ಸಣ್ಣ ಆರ್‌ಎನ್‌ಎ. ವೈರಸ್ ತಗುಲಿದ ಎಲೆಯಿಂದ ಅವನ್ನು ತೆಗೆದು ಸೀಕ್ವೆನ್ಸಿಂಗ್ ಮಾಡಿಸುವುದು, ಅಂದರೆ ಅವುಗಳ ಅಕ್ಷರಕ್ರಮ ಓದಿಸುವುದು ನನ್ನ ಕೆಲಸ. ಡೇಟಾ ಬಂದ ಕೂಡಲೇ ಮೊದಲು ನೋಡುವುದು ತುಣುಕುಗಳ ಉದ್ದ. ವೈರಸ್‌ಗೆ ಹೊಂದುವ ತುಣುಕುಗಳು 21, 22 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎಯ ಒಂದೊಂದು ಅಕ್ಷರ) ಉದ್ದದಲ್ಲಿ ಗುಂಪುಗೂಡಿದ್ದರೆ ಗಿಡ ಎಚ್ಚೆತ್ತಿದೆ ಅಂತ ಅರ್ಥ. 21ರದ್ದನ್ನು ಡಿಸಿಎಲ್4 ಕಿಣ್ವ ಕತ್ತರಿಸುತ್ತದೆ, 22ರದ್ದನ್ನು ಡಿಸಿಎಲ್2. ಎಲ್ಲ ಉದ್ದದವೂ ಚೆಲ್ಲಾಪಿಲ್ಲಿಯಾಗಿದ್ದರೆ ಆರ್‌ಎನ್‌ಎ ಸುಮ್ನೆ ಚೂರಾಗಿದೆ, ಆ ಸ್ಯಾಂಪಲ್ ಬಿಟ್ಟುಬಿಡುತ್ತೇನೆ.

ಲ್ಯಾಬಿಗೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆ ಒಂದೇ: "ಈ ತುಣುಕುಗಳು ಜಾಸ್ತಿ ಇರುವ ಗಿಡಕ್ಕೇ ಜಾಸ್ತಿ ನಿರೋಧಕತೆ, ಅಲ್ವಾ?" ಅಲ್ಲ. ಎಷ್ಟೋ ಸಲ ತುಣುಕುಗಳು ರಾಶಿಬಿದ್ದಿರುವುದು ಮುರುಟಿಹೋದ ಗಿಡದಲ್ಲೇ. ವೈರಸ್ ತುಂಬಿಕೊಂಡಷ್ಟೂ ಕತ್ತರಿಸಲು ಸರಕು ಜಾಸ್ತಿ. ಕತ್ತರಿಸಿದ ತುಣುಕು ಆರ್ಗೊನಾಟ್ ಪ್ರೋಟೀನ್ ಸೇರಿದರೆ ಮಾತ್ರ ಅದು ವೈರಸ್ಸಿನ ಆರ್‌ಎನ್‌ಎಯನ್ನು ಹುಡುಕಿ ತುಂಡರಿಸುತ್ತದೆ. ವೈರಸ್ ಕೂಡ ಸುಮ್ಮನಿರುವುದಿಲ್ಲ. ಟೊಂಬಸ್‌ವೈರಸ್ ಎಂಬ ಗಿಡದ ವೈರಸ್ಸಿನ ಪಿ19 ಪ್ರೋಟೀನ್ ಕತ್ತರಿಸಿದ ಈ ಜೋಡಿ ಎಳೆ ತುಣುಕುಗಳನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಎಣಿಕೆಗೆ ಸಿಗುತ್ತವೆ, ಕೆಲಸಕ್ಕೆ ಬರುವುದಿಲ್ಲ.

ಅದಕ್ಕೇ ನಾನು ಎಲೆಯನ್ನು ದ್ರವ ಸಾರಜನಕದಲ್ಲಿ ಪುಡಿ ಮಾಡಿ ಎರಡು ಪಾಲು ಮಾಡುತ್ತೇನೆ. ಒಂದರಲ್ಲಿ ಸಣ್ಣ ಆರ್‌ಎನ್‌ಎ, ಇನ್ನೊಂದರಲ್ಲಿ ಕ್ಯೂಪಿಸಿಆರ್ ಎಂಬ ಅಳೆಯುವ ಪರೀಕ್ಷೆಯಿಂದ ವೈರಸ್ಸಿನ ಪ್ರಮಾಣ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರಷ್ಟೇ ಲೆಕ್ಕಕ್ಕೆ ಅರ್ಥ. ತೆಗೆಯುವುದು ವೈರಸ್ ಉಜ್ಜಿದ ಎಲೆಯನ್ನಲ್ಲ, ಆಮೇಲೆ ಮೇಲೆ ಚಿಗುರಿದ್ದನ್ನು. ಹೋಲಿಸುವ ಗಿಡಗಳೆಲ್ಲ ಒಂದೇ ಚೇಂಬರಿನಲ್ಲಿ, ಒಂದೇ ತಾಪಮಾನದಲ್ಲಿ ಇರಬೇಕು. 15 ಡಿಗ್ರಿಯಂಥ ತಂಪಿನಲ್ಲಿ ಈ ತುಣುಕುಗಳ ತಯಾರಿಯೇ ಕುಗ್ಗುತ್ತದೆ, ವೈರಸ್ ಮುಂದೆ ಹೋಗುತ್ತದೆ.

ನನ್ನ ಪ್ರಕಾರ ತುಣುಕು ಎಷ್ಟಿದೆ ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದು ಮುಖ್ಯ. ಬ್ರೆಜಿಲ್‌ನಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ಎಂಬ್ರಾಪಾ 5.1 ಎಂಬ ಕುಲಾಂತರಿ ಹುರುಳಿಕಾಯಿ ತಳಿ ಇದಕ್ಕೆ ಒಳ್ಳೆಯ ಉದಾಹರಣೆ. ಗೋಲ್ಡನ್ ಮೊಸಾಯಿಕ್ ವೈರಸ್ ಬರುವ ಮೊದಲೇ ಅದರ ವಿರುದ್ಧದ ತುಣುಕುಗಳನ್ನು ಆ ಗಿಡ ತಯಾರಿಸಿಟ್ಟಿರುತ್ತದೆ.

ಹೊರಗಿನಿಂದ ಜೋಡಿ ಎಳೆ ಆರ್‌ಎನ್‌ಎ ಸಿಂಪಡಿಸುವಾಗಲೂ ಇದೇ ಮಾತು. ವೈರಸ್ಸಿನ ಹೊರಕವಚದ ಜೀನಿನ ಒಂದು ಭಾಗದ ಜೋಡಿ ಎಳೆಯನ್ನು ಎಚ್‌ಟಿ115 ಎಂಬ ಬ್ಯಾಕ್ಟೀರಿಯಾ ತಳಿಯಲ್ಲಿ ತಯಾರಿಸುತ್ತೇನೆ. ಜೋಡಿ ಎಳೆಯನ್ನು ಚೂರು ಮಾಡುವ ಆರ್‌ಎನ್‌ಏಸ್ 3 ಕಿಣ್ವ ಅದರಲ್ಲಿಲ್ಲ. ಸಿಂಪಡಣೆ ಮೊದಲು, ವೈರಸ್ ಆಮೇಲೆ. ರೋಗ ಕಂಡ ಮೇಲೆ ಸಿಂಪಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಪಕ್ಕದ ಸಾಲಿಗೆ ಜಿಎಫ್‌ಪಿ ಜೀನಿನ ಜೋಡಿ ಎಳೆ ಹೊಡೆಯುತ್ತೇನೆ, ಅದು ವೈರಸ್‌ಗೆ ಸಂಬಂಧವೇ ಇಲ್ಲದ್ದು. ಆ ಸಾಲಿನಲ್ಲೂ ರೋಗ ಕಡಿಮೆಯಾದರೆ ಕಾರಣ ಬೇರೆಯೇ ಇದೆ.

ಸೀಕ್ವೆನ್ಸ್ ಓದುವಾಗಲೂ ಒಂದು ತೊಡಕಿದೆ. ತುಣುಕುಗಳು ಸಿಂಪಡಿಸಿದ ಜೀನಿನ ಭಾಗಕ್ಕಷ್ಟೇ ಹೊಂದಿದರೆ ಅವು ಸಿಂಪಡಿಸಿದ್ದರ ಚೂರುಗಳೇ ಇರಬಹುದು. ಎಲೆಯ ಮೇಲ್ಮೈಯಲ್ಲೇ ಉಳಿದವೂ ಇರಬಹುದು. ಆದ್ದರಿಂದ ಅಂಥ ಎಲೆಗಳನ್ನು ಪುಡಿ ಮಾಡುವ ಮೊದಲು ಚೆನ್ನಾಗಿ ತೊಳೆಯುತ್ತೇನೆ.