ಪೀಸ್ ನದಿಯ ಜಲ್ಲಿಯಲ್ಲಿ ಸಿಕ್ಕ ಆರು ಮೂಲೆಯ ಕಪ್ಪು ಚೂರು

ಫ್ಲೋರಿಡಾದ ಪೀಸ್ ನದಿಯಲ್ಲಿ ಜರಡಿ ಹಿಡಿದವರಿಗೆ ಶಾರ್ಕ್ ಹಲ್ಲು ಸಿಗದೇ ಇರುವುದು ಅಪರೂಪ. ಅದನ್ನು ಗುರುತಿಸಲು ದೊಡ್ಡ ವಿದ್ಯೆಯೇನೂ ಬೇಡ. ತಲೆ ತಿನ್ನುವುದು ಜರಡಿಯಲ್ಲಿ ಉಳಿಯುವ ಬೇರೆ ಚೂರುಗಳು. ನನಗೆ ಸಿಕ್ಕಿದ ಅಂಥ ಒಂದು ಚೂರು ಯಾವುದೆಂದು ಹೇಗೆ ಪತ್ತೆ ಮಾಡಿದೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಜಾಗದ ಬಗ್ಗೆ ಸ್ವಲ್ಪ. ಚಳಿಗಾಲದಲ್ಲಿ ಇಲ್ಲಿ ಮಳೆ ಕಡಿಮೆ. ಆರ್ಕೇಡಿಯಾ, ವಾಚುಲಾ ಊರುಗಳ ಹತ್ತಿರ ನದಿ ಎಷ್ಟೋ ಕಡೆ ಮೊಣಕಾಲಿಗೆ ಇಳಿದಿರುತ್ತದೆ. ಸಲಿಕೆಯಿಂದ ತಳದ ಜಲ್ಲಿ ಎತ್ತಿ ಕಾಲಿಂಚು ಕಣ್ಣಿನ ಜರಡಿಯಲ್ಲಿ ತೊಳೆಯುವುದು, ಕೆಲಸ ಇಷ್ಟೇ. ಅಲಿಗೇಟರ್ ಕಡೆಗೂ ಒಂದು ಕಣ್ಣಿರಲಿ. ಅನುಮತಿ ಪತ್ರದ ವಿಷಯ ಮರೆಯಬೇಡಿ. ಶಾರ್ಕ್ ಹಲ್ಲಿಗೆ ಅದು ಬೇಕಾಗಿಲ್ಲ. ಬೆನ್ನುಮೂಳೆ ಇರುವ ಬೇರೆ ಪ್ರಾಣಿಗಳ ಪಳೆಯುಳಿಕೆ ಎತ್ತಿಕೊಳ್ಳಲು ಫ್ಲೋರಿಡಾ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಿಂದ ಪರ್ಮಿಟ್ ತೆಗೆದುಕೊಳ್ಳಬೇಕು.

ಸಿಕ್ಕಿದ ಚೂರು ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಚಿಕ್ಕದು. ಕಪ್ಪು ಬಣ್ಣ, ಚಪ್ಪಟೆ, ಆರು ಮೂಲೆ. ಫೋನಿನಲ್ಲಿ ಫೋಟೋ ತೆಗೆದು ಹುಡುಕಿದರೆ ಅಂಗಿ ಗುಂಡಿ, ನೆಲದ ಟೈಲು, ಏನೇನೋ ಬಂದವು. ಅದರ ತಪ್ಪೇನಿಲ್ಲ ಬಿಡಿ. ಆಕಾರ ಬಿಟ್ಟರೆ ಫೋಟೋಕ್ಕೆ ಬೇರೇನು ಗೊತ್ತಾಗುತ್ತದೆ? ನಾನು ಚಿತ್ರ ಹುಡುಕುವುದನ್ನು ನಿಲ್ಲಿಸಿ, ಇದು ಯಾವುದರಿಂದ ಆದದ್ದು ಅಂತ ನೋಡಲು ಶುರು ಮಾಡಿದೆ. ಕಲ್ಲಾ, ಹವಳವಾ, ಮೂಳೆಯಾ, ಹಲ್ಲಾ?

ಕಪ್ಪು ಬಣ್ಣದಿಂದ ಏನೂ ತಿಳಿಯುವುದಿಲ್ಲ. ಈ ನೆಲದಲ್ಲಿ ಫಾಸ್ಫೇಟ್ ತುಂಬಾ ಇದೆ, ಪಕ್ಕದಲ್ಲೇ ದೊಡ್ಡ ಗಣಿಗಳಿವೆ. ಮಣ್ಣಿನ ಖನಿಜ ಹೀರಿಕೊಂಡು ಮೂಳೆ, ಹಲ್ಲು ಎಲ್ಲವೂ ಕಪ್ಪಾಗುತ್ತವೆ. ಹಾಗಾಗಿ ಜಾಸ್ತಿ ಕಪ್ಪಾಗಿದ್ದರೆ ಜಾಸ್ತಿ ಹಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆರು ಮೂಲೆ ಅಂದ ಕೂಡಲೇ ಹವಳದ ಅನುಮಾನ ಬರುತ್ತದೆ. ಸುಣ್ಣದ ಹವಳವಾದರೆ ವಿನೆಗರ್ ಹನಿಗೆ ಸಣ್ಣದಾಗಿ ನೊರೆ ಬರಬೇಕು. ಆದರೆ ಫ್ಲೋರಿಡಾದಲ್ಲಿ ಹವಳ ಎಷ್ಟೋ ಕಡೆ ಅಗೇಟ್ ಎಂಬ ಗಟ್ಟಿ ಕಲ್ಲಾಗಿಬಿಟ್ಟಿದೆ. 1979ರಲ್ಲಿ ಅದನ್ನೇ ರಾಜ್ಯದ ಅಧಿಕೃತ ಕಲ್ಲು ಅಂತ ಘೋಷಿಸಿದ್ದಾರೆ. ಅದು ವಿನೆಗರ್‌ಗೆ ಜಗ್ಗುವುದಿಲ್ಲ. ಅದಕ್ಕೇ ಆ ಪರೀಕ್ಷೆ ಬಿಟ್ಟು ಲೂಪ್ ಹಿಡಿದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಈ ಪುಟ್ಟ ಮಸೂರ ಜೇಬಿನಲ್ಲೇ ಇರುತ್ತದೆ. ಹವಳದ ಜೀವಿ ಇದ್ದ ಪುಟ್ಟ ಕೋಣೆಯಲ್ಲಿ ನಡುವಿನಿಂದ ಅಂಚಿನವರೆಗೆ ತೆಳು ಗೋಡೆಗಳು ಹರಡಿಕೊಂಡಿರುತ್ತವೆ. ನನ್ನ ಚೂರಿನಲ್ಲಿ ಒಂದೂ ಕಾಣಲಿಲ್ಲ.

ಇನ್ನೊಂದು ಅನುಮಾನ ಆರ್ಮಡಿಲೊ, ಮೈಮೇಲೆ ಬಿಲ್ಲೆಗಳ ಕವಚವಿರುವ ಪ್ರಾಣಿ. ಹಿಮಯುಗದಲ್ಲಿ ಇಲ್ಲಿ ದೊಡ್ಡ ಜಾತಿಯ ಆರ್ಮಡಿಲೊಗಳಿದ್ದವು. ಅವುಗಳ ಕವಚದ ಬಿಲ್ಲೆಗಳಲ್ಲೂ ಆರು ಮೂಲೆಯವು ಇರುತ್ತವೆ, ಇದೇ ನದಿಯಲ್ಲಿ ಸಿಗುತ್ತವೆ. ಆದರೆ ಆ ಬಿಲ್ಲೆ ಮೂಳೆ. ಮೇಲೆ ಕೂದಲಿನ ಬುಡವಿದ್ದ ತೂತುಗಳು, ಅಂಚು ಮುರಿದಲ್ಲಿ ಸ್ಪಂಜಿನಂಥ ಒಳಭಾಗ. ನನ್ನದರ ಮೇಲ್ಮೈ ನುಣುಪಾಗಿ ಹೊಳೆಯುತ್ತಿತ್ತು. ತೂತೇ ಇಲ್ಲ. ಉಜ್ಜಿ ಸವೆದಂಥ ಸಣ್ಣ ಗೀರುಗಳು ಮಾತ್ರ ಇದ್ದವು. ಇಲ್ಲಿಗೆ ಮೂಳೆ ಬಿಟ್ಟುಹೋಗಿ ಹಲ್ಲು ಉಳಿಯಿತು.

ಉತ್ತರ ಇದ್ದದ್ದು ತಳದಲ್ಲಿ. ಸಂದುಗಳಲ್ಲಿ ಗಟ್ಟಿಯಾಗಿದ್ದ ಮರಳನ್ನು ನೀರಿನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ತೆಗೆದೆ. ಪಿನ್ನಿನಿಂದ ಕೆರೆಯಬೇಡಿ, ಗೀರು ಬೀಳುತ್ತದೆ. ಮರಳು ಹೋದ ಮೇಲೆ ಕೆಳಗೆ ಹೇನು ತೆಗೆಯುವ ಹಣಿಗೆಯಂತೆ ಸಾಲು ಸಾಲು ಏಣು, ನಡುವೆ ಕಾಲುವೆ. ಶಾರ್ಕ್ ಹಲ್ಲಿನ ಬೇರು ಹೀಗಿರುವುದಿಲ್ಲ. ಇದು ಚಪ್ಪಟೆ ಮೈಯ ತೊರಕೆ ಮೀನುಗಳಲ್ಲಿ ಹದ್ದು ತೊರಕೆ, ಹಸುಮೂಗಿನ ತೊರಕೆ ಮುಂತಾದವುಗಳ ಗುಂಪಿನ ಗುರುತು.

ಮಲ್ಪೆ ಬಂದರಿನಲ್ಲಿ ತೊರಕೆ ಮೀನು ನೋಡಿದವರಿಗೆ ಅದರ ಬಾಲ, ರೆಕ್ಕೆ ಗೊತ್ತು. ಬಾಯಿ ಬಿಡಿಸಿ ನೋಡಿದವರು ಕಡಿಮೆ ಇರಬೇಕು. ಈ ಗುಂಪಿನ ತೊರಕೆಗಳು ಚಿಪ್ಪು, ಏಡಿ ಅರೆದು ತಿನ್ನುತ್ತವೆ. ಅದಕ್ಕೆ ಚೂಪು ಹಲ್ಲಿನಿಂದ ಪ್ರಯೋಜನವಿಲ್ಲ. ಚಪ್ಪಟೆ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡು ಅರೆಯುವ ಹಲಗೆಯಾಗುತ್ತವೆ. ಮುಂದಿನವು ಸವೆದು ಬಿದ್ದರೆ ಹಿಂದಿನಿಂದ ಹೊಸವು ಬರುತ್ತವೆ. ನಾನು ಗೀರು ಅಂದದ್ದು ಆ ಸವೆತ. ತೊರಕೆಯ ಅಸ್ಥಿಪಂಜರ ಮೃದ್ವಸ್ಥಿ, ಅಂದರೆ ನಮ್ಮ ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು, ಸಾಮಾನ್ಯವಾಗಿ ಕೊಳೆತು ಹೋಗುತ್ತದೆ. ಹಲ್ಲು ಮತ್ತು ಬಾಲದ ಮುಳ್ಳು ಉಳಿಯುತ್ತವೆ.

ಯಾವ ಕುಲ? ಇಲ್ಲಿ ಸ್ವಲ್ಪ ಹಿಡಿತ ಬೇಕು. ಏಟೊಬ್ಯಾಟಸ್ ಎಂಬ ಕುಲದಲ್ಲಿ ಹಲ್ಲು ಒಂದೇ ಸಾಲು, ಉದ್ದನೆಯ ಪಟ್ಟಿಯಂತೆ. ಅಕ್ಕಪಕ್ಕ ಚಿಕ್ಕ ಹಲ್ಲುಗಳಿಲ್ಲ. ಅದನ್ನು ಧೈರ್ಯವಾಗಿ ಬಿಡಬಹುದು. ಹದ್ದು ತೊರಕೆಗಳ ಇನ್ನೊಂದು ಕುಲ ಮೈಲಿಯೋಬ್ಯಾಟಿಸ್‌ನಲ್ಲಿ ನಡುವಿನ ಅಗಲ ಹಲ್ಲುಗಳ ಎರಡೂ ಬದಿಗೆ ಚಿಕ್ಕ ಆರು ಮೂಲೆಯವು ಇರುತ್ತವೆ. ಹಸುಮೂಗಿನ ತೊರಕೆಯ ಕುಲ ರೈನೋಪ್ಟೆರಾದ ಪಕ್ಕದ ಹಲ್ಲುಗಳೂ ಹತ್ತಿರ ಹತ್ತಿರ ಹಾಗೇ. ಒಂಟಿ ಹಲ್ಲು, ಅದೂ ಸವೆದದ್ದು ಇಟ್ಟುಕೊಂಡು ಇವೆರಡರಲ್ಲಿ ಒಂದನ್ನು ಆರಿಸುವುದು ಸುಮ್ನೆ ಜಂಬ. ಎರಡು ಮೂರು ಹಲ್ಲು ಜೋಡಿಕೊಂಡೇ ಸಿಕ್ಕಿದ್ದರೆ ಮಾತು ಬೇರೆ.

ವಯಸ್ಸಿನ ಕಥೆಯೂ ಅಷ್ಟೆ. ನದಿ ಹಲವು ಪದರಗಳನ್ನು ಕೊರೆದು ಎಲ್ಲವನ್ನೂ ಒಂದೇ ಜಲ್ಲಿಗೆ ಸುರಿಯುತ್ತದೆ. ಹಿಮಯುಗಕ್ಕಿಂತ ಬಹಳ ಹಿಂದಿನ ಮಯೋಸೀನ್ ಕಾಲದ ಸಮುದ್ರದ ಶಾರ್ಕ್ ಹಲ್ಲು, ಹಿಮಯುಗದ ಕುದುರೆ ಹಲ್ಲು ಒಂದೇ ಜರಡಿಯಲ್ಲಿ ಬರುತ್ತವೆ. ಪಕ್ಕದಲ್ಲಿ ಏನು ಸಿಕ್ಕಿತು ಎಂಬುದರಿಂದ ಕಾಲ ಹೇಳಲು ಬರುವುದಿಲ್ಲ.

ಪರ್ಮಿಟ್ ಇರುವವರು ವರ್ಷದ ಕೊನೆಗೆ ಸಿಕ್ಕಿದ್ದರ ಪಟ್ಟಿಯನ್ನು ಮ್ಯೂಸಿಯಂಗೆ ಕೊಡಬೇಕು. ನಾನು ಜಾಗ, ತಾರೀಖು ಹಾಕಿ, ಅಳತೆ ಪಟ್ಟಿಯ ಪಕ್ಕ ಇಟ್ಟು ತೆಗೆದ ಮೇಲಿನ, ಕೆಳಗಿನ, ಬದಿಯ ಫೋಟೋ ಸೇರಿಸಿದೆ. ಹೆಸರಿನ ಜಾಗದಲ್ಲಿ "ತೊರಕೆ, ಪಕ್ಕದ ಸಾಲಿನ ಹಲ್ಲು, ಮೈಲಿಯೋಬ್ಯಾಟಿಸ್ ಅಥವಾ ರೈನೋಪ್ಟೆರಾ" ಅಂತ ಬರೆದೆ.