ಕಣ್ಣು ಹೋಗದ ಕಡೆ ಕೈ ಹಾಕಬೇಡಿ

ಹಾವು ಕಚ್ಚಿದ ಸುದ್ದಿ ಬಂದರೆ ಎಲ್ಲರೂ ಮೊದಲು ಕೇಳುವುದು "ಯಾವ ಹಾವು?" ಅಂತ. ನಾನು ಕೇಳುವುದು "ಕೈ ಎಲ್ಲಿಟ್ಟಿದ್ದರು, ಕಾಲು ಎಲ್ಲಿಟ್ಟಿದ್ದರು?" ಅಂತ. ಮನುಷ್ಯ ಹಾವಿಗೆ ಆಹಾರವಲ್ಲ, ನಮ್ಮ ಮೇಲೆ ವಿಷ ಖರ್ಚು ಮಾಡಿ ಅದಕ್ಕೆ ಆಗಬೇಕಾದ್ದೂ ಏನಿಲ್ಲ. ಕತ್ತಲಲ್ಲಿ ತುಳಿದಾಗ, ನಿದ್ದೆಯಲ್ಲಿ ಮಗ್ಗುಲು ಹೊರಳಿ ಅದರ ಮೇಲೆ ಬಿದ್ದಾಗ, ಕಾಣದ ಸಂದಿಗೆ ಕೈ ತೂರಿಸಿದಾಗ, ಹೊಡೆಯುತ್ತೇನೆಂದು ಕೋಲು ಹಿಡಿದು ಹೋದಾಗ ಅದು ಕಚ್ಚುತ್ತದೆ. ಆದ್ದರಿಂದ ಮಕ್ಕಳಿಗೆ ಹಾವಿನ ಹೆಸರು ಕಲಿಸುವ ಮುಂಚೆ ಇದನ್ನು ಕಲಿಸಿ: ಕಣ್ಣು ಹೋಗದ ಕಡೆ ಕೈ ಹೋಗಬಾರದು, ಬೆಳಕು ಬೀಳದ ಕಡೆ ಕಾಲು ಹೋಗಬಾರದು.

ಮನೆಗೆ ಹಾವು ಬರುತ್ತಿದೆ ಅಂದರೆ ಅದಕ್ಕೆ ಏನೋ ಸಿಗುತ್ತಿದೆ ಅಂತ ಅರ್ಥ. ಹೆಚ್ಚಾಗಿ ಇಲಿ, ಕಪ್ಪೆ. ಇಲ್ಲವೇ ಅಡಗಲು ತಂಪಾದ ಜಾಗ. ಕಾಳು ಚೆಲ್ಲಿದ್ದನ್ನು ಅವತ್ತವತ್ತೇ ಗುಡಿಸಿ, ಧಾನ್ಯವನ್ನು ಮುಚ್ಚಳ ಬಿಗಿಯಾದ ಡಬ್ಬಿ ಡ್ರಮ್ಮುಗಳಲ್ಲಿಡಿ, ಕೋಳಿಗೂಡನ್ನು ಮಲಗುವ ಕೋಣೆಯಿಂದ ದೂರ ಇಡಿ. ಇಲಿ ಹೋದರೆ ಹಾವೂ ಹೋಗುತ್ತದೆ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿಯಿದ್ದರೆ ಹಾವಿನ ಮರಿಗೆ ಅದೇ ಹೆಬ್ಬಾಗಿಲು. ರಬ್ಬರ್ ಪಟ್ಟಿ ಹೊಡೆಸಿ. ಬಚ್ಚಲಿನ ನೀರು ಹೋಗುವ ತೂತಿಗೆ ಜಾಲರಿ ಹಾಕಿ. ಮಾಡಿಗೆ ತಾಗುವ ಕೊಂಬೆ, ಗೋಡೆಗೆ ಹಬ್ಬಿದ ಬಳ್ಳಿ ಕತ್ತರಿಸಿ.

ಸೌದೆ ರಾಶಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ನಾವು ಯೋಚಿಸದೆ ಕೈ ಹಾಕುವ ಜಾಗ ಅದು. ರಾಶಿಯನ್ನು ಗೋಡೆಗೆ ಒರಗಿಸಬೇಡಿ. ಕಲ್ಲೋ ಕಂಬಿಯೋ ಇಟ್ಟು ನೆಲದಿಂದ ಒಂದಡಿ ಮೇಲೆ ಪೇರಿಸಿ. ತೆಗೆಯುವ ಮುಂಚೆ ಉದ್ದ ಕೋಲಿನಿಂದ ನಾಲ್ಕು ಬಾರಿ ತಟ್ಟಿ, ಸ್ವಲ್ಪ ಹೊತ್ತು ತಡೆಯಿರಿ. ಮೇಲಿನಿಂದ ಒಂದೊಂದೇ ತೆಗೆಯಿರಿ, ನಡುವಿನಿಂದ ಎಳೆಯಬೇಡಿ. ನೆಲದ ಮೇಲೆ ಬಿದ್ದ ಹಲಗೆ, ತಗಡು ಎತ್ತುವಾಗ ಆಚೆಯ ಅಂಚನ್ನು ಕೊಕ್ಕೆಯಿಂದ ನಿಮ್ಮ ಕಡೆಗೆ ಎತ್ತಿ. ಆಗ ತೆರೆದ ಬಾಯಿ ಆಚೆ ಕಡೆಗಿರುತ್ತದೆ, ಅಡಿಯಲ್ಲಿ ಏನಿದ್ದರೂ ಆ ಕಡೆಗೇ ಓಡುತ್ತದೆ. ನಿಮ್ಮ ಕಾಲಿಗೂ ಅದಕ್ಕೂ ನಡುವೆ ಹಲಗೆ ಅಡ್ಡ ನಿಂತಿರುತ್ತದೆ.

ಬೆಳ್ಳುಳ್ಳಿ ನೀರು, ನುಸಿಗುಳಿಗೆ, ಗಂಧಕ, ಕಾರ್ಬಾಲಿಕ್ ಆಮ್ಲ ಇವನ್ನೆಲ್ಲ ಮನೆ ಸುತ್ತ ಸುರಿದು ನೆಮ್ಮದಿಯಾಗಿ ಮಲಗುವವರನ್ನು ಕಂಡರೆ ನನಗೆ ಹೆದರಿಕೆ. ಇವು ಯಾವುವನ್ನೂ ನಂಬಿ ಕೂರುವ ಹಾಗಿಲ್ಲ. ಕಾರ್ಬಾಲಿಕ್ ಆಮ್ಲವಂತೂ ಮಕ್ಕಳ ಕೈ ಸುಡುತ್ತದೆ. ಆ ದುಡ್ಡಿಗೆ ಒಳ್ಳೆಯ ಟಾರ್ಚ್ ತನ್ನಿ.

ರಾತ್ರಿ ಅಂಗಳಕ್ಕೆ ಇಳಿದರೂ ಟಾರ್ಚ್ ಬೇಕು, ಕಾಲಿಗೆ ಮುಚ್ಚಿದ ಚಪ್ಪಲಿ ಬೇಕು. "ಇಲ್ಲೇ ಎರಡು ಹೆಜ್ಜೆ" ಅನ್ನುವ ಮಾತು ನನಗೆ ಸೇರುವುದಿಲ್ಲ. ಹೆಜ್ಜೆ ಸಪ್ಪಳಕ್ಕೆ ಬಹಳ ಹಾವುಗಳು ಜಾಗ ಬಿಡುತ್ತವೆ, ಆದರೆ ಕೊಳಕುಮಂಡಲ ಹಾಗಲ್ಲ. ಇದ್ದಲ್ಲೇ ಸುರುಳಿ ಸುತ್ತಿ ಕುಕ್ಕರ್ ಆವಿ ಬಿಟ್ಟ ಹಾಗೆ ಬುಸುಗುಡುತ್ತದೆ. ಆ ಸದ್ದು ಕೇಳಿದರೆ ನಿಂತುಬಿಡಿ, ಎಲ್ಲಿದೆ ಅಂತ ಬೆಳಕು ಹಾಯಿಸಿ ನೋಡಿಕೊಂಡು ಹಿಂದಕ್ಕೆ ಸರಿಯಿರಿ. ಹೊರಗೆ ಬಿಟ್ಟ ಶೂಗಳನ್ನು ತಲೆಕೆಳಗು ಮಾಡಿ ಕೊಡವದೆ ಹಾಕಬೇಡಿ.

ಮಲಗುವ ವಿಷಯದಲ್ಲಿ ಕಟ್ಟುಹಾವನ್ನು ನೆನಪಿಡಬೇಕು. ಅದು ರಾತ್ರಿ ಸಂಚಾರಿ, ನೆಲದಲ್ಲಿ ಮಲಗಿದವರ ಹಾಸಿಗೆಗೂ ಬರುತ್ತದೆ. ಹಲ್ಲು ಎಷ್ಟು ಸಣ್ಣದೆಂದರೆ ಕಚ್ಚಿದ್ದು ಗೊತ್ತಾಗದೆಯೂ ಹೋಗಬಹುದು, ನೋವಿಲ್ಲ, ಊತವಿಲ್ಲ. ಮಂಚದ ಮೇಲೆ ಮಲಗಿ, ಆಗದಿದ್ದರೆ ಸೊಳ್ಳೆಪರದೆಯ ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿ. ನೇಪಾಳದ ತರಾಯಿ ಬಯಲಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಪರದೆಯೊಳಗೆ ಮಲಗುವವರಿಗೆ ಹಾವು ಕಡಿತದ ಅಪಾಯ ಕಡಿಮೆ ಎಂದು ಕಂಡುಬಂದಿದೆ. ಸೊಳ್ಳೆಗೆಂದು ತಂದದ್ದು ಹಾವಿಗೂ ಆಯಿತು.

ಒಳಗೆ ಹಾವು ಕಂಡರೆ ಎಲ್ಲರೂ ಕೂಗಾಡುತ್ತ ಗುಂಪು ಸೇರಬೇಡಿ. ಮಕ್ಕಳು, ನಾಯಿ, ಬೆಕ್ಕು ಮೊದಲು ಹೊರಗೆ. ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟಿರಲಿ. ಎಲ್ಲಿ ಹೋಯಿತು ಅಂತ ಗೊತ್ತಿಲ್ಲದ ಹಾವು ಕಣ್ಣೆದುರಿನ ಹಾವಿಗಿಂತ ಕೆಟ್ಟದ್ದು. ಮನೆಯ ಬೇರೆ ಕೋಣೆಗಳ ಬಾಗಿಲು ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ, ಹೊರಬಾಗಿಲು ತೆರೆದಿಟ್ಟು ಹಾವು ಹಿಡಿಯುವವರನ್ನು ಕರೆಸಿ. ಕೊಲ್ಲಲು ಹೋಗಬೇಡಿ. ಸತ್ತಿದೆ ಅಂತ ಮುಟ್ಟಲೂ ಬೇಡಿ, ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಇಷ್ಟೆಲ್ಲ ಮಾಡಿಯೂ ಕಚ್ಚಿತು ಅನ್ನಿ. ಹಾವು ಕಡಿತದಿಂದ ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವಿಷಕ್ಕೆ ಔಷಧ ಬಂದು ನೂರು ವರ್ಷ ದಾಟಿದೆ. 1890ರ ದಶಕದಲ್ಲೇ ಫ್ರಾನ್ಸಿನ ವೈದ್ಯ ಆಲ್ಬೆರ್ ಕಾಲ್ಮೆಟ್ ಅದನ್ನು ತಯಾರಿಸಿದ್ದರು. ಆದರೂ ಜನ ಸಾಯುವುದಕ್ಕೆ ಒಂದು ದೊಡ್ಡ ಕಾರಣ, ಕಚ್ಚಿದ ಜಾಗಕ್ಕೂ ಆಸ್ಪತ್ರೆಗೂ ನಡುವೆ ಕಳೆದುಹೋಗುವ ಹೊತ್ತು.

ಮೊದಲು ಹಾವಿನಿಂದ ದೂರ ಸರಿಸಿ, ಕೂರಿಸಿ ಅಥವಾ ಮಲಗಿಸಿ. ಗಡಿಯಾರ ನೋಡಿಕೊಳ್ಳಿ. ಊತ ಶುರುವಾಗುವ ಮುಂಚೆ ಉಂಗುರ, ಬಳೆ, ವಾಚು, ಕಾಲ್ಗೆಜ್ಜೆ, ಕಾಲುಂಗುರ ತೆಗೆದುಬಿಡಿ. ಇದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಊದಿದ ಬೆರಳಲ್ಲಿ ಉಂಗುರ ಸಿಕ್ಕಿಕೊಂಡು ರಕ್ತ ನಿಲ್ಲುತ್ತದೆ. ಕಚ್ಚಿದ ಕೈ ಅಥವಾ ಕಾಲು ಅಲುಗಾಡಬಾರದು. ಮೂಳೆ ಮುರಿದಾಗ ದಬ್ಬೆ ಕಟ್ಟುವ ಹಾಗೆಯೇ ಹಲಗೆಯನ್ನೋ ಮಡಚಿದ ದಪ್ಪ ಕಾಗದವನ್ನೋ ಇಟ್ಟು ಅಗಲ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಬಟ್ಟೆಯ ಅಡಿ ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ನಡೆಸಬೇಡಿ, ಎತ್ತಿಕೊಂಡು ಹೋಗಿ. ಬೈಕ್ ಒಂದೇ ಗತಿಯಾದರೆ ಕಚ್ಚಿಸಿಕೊಂಡವರು ನಡುವೆ ಕೂರಲಿ, ಹಿಂದೊಬ್ಬರು ಹಿಡಿದುಕೊಳ್ಳಲಿ. ವಾಂತಿ ಬಂದರೆ, ಮಂಪರು ಕವಿದರೆ ಎಡ ಮಗ್ಗುಲಿಗೆ ಮಲಗಿಸಿ. ನೋವಿಗೆಂದು ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಮದ್ಯ ಅಂತೂ ಬೇಡವೇ ಬೇಡ.

ವಿಷ ಏರದಿರಲೆಂದು ಗಾಯದ ಮೇಲ್ಗಡೆ ಹಗ್ಗ ಬಿಗಿಯುವುದು ತಪ್ಪು. ಯಾಕೆ ಅಂತ ಕೇಳುತ್ತಾರೆ. ಕೊಳಕುಮಂಡಲದ ಜಾತಿಯ ಹಾವುಗಳ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಹಗ್ಗ ಬಿಗಿದರೆ ಆ ವಿಷವನ್ನು ಅಲ್ಲೇ ಕೂಡಿಹಾಕಿ, ಜೊತೆಗೆ ರಕ್ತವನ್ನೂ ತಡೆದ ಹಾಗಾಯಿತು. ಕೈಕಾಲು ಕಳೆದುಕೊಳ್ಳುವುದಕ್ಕೆ ದಾರಿ. ಯಾರಾದರೂ ಆಗಲೇ ಬಿಗಿದುಬಿಟ್ಟಿದ್ದರೆ ದಾರಿಯಲ್ಲಿ ಪಟ್ಟನೆ ಬಿಚ್ಚಬೇಡಿ, ವೈದ್ಯರ ಎದುರೇ ಬಿಚ್ಚಲಿ. ಆಸ್ಟ್ರೇಲಿಯಾದಲ್ಲಿ ಇಡೀ ಕೈಗೋ ಕಾಲಿಗೋ ಅಗಲ ಬ್ಯಾಂಡೇಜ್ ಸುತ್ತುವ ಕ್ರಮವಿದೆ, ಅದು ಅಲ್ಲಿಯ ಹಾವುಗಳ ವಿಷಕ್ಕೆ ಹೊಂದಿದ್ದು, ಕಲಿತವರು ಮಾಡುವಂಥದ್ದು. ಮಂಡಲದ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಬ್ಲೇಡಿನಿಂದ ಕೊಯ್ದರೆ ಅದು ಹರಿಯುತ್ತಲೇ ಇರುತ್ತದೆ. ಬಾಯಿಂದ ಹೀರಿದರೆ ವಿಷ ಬರುವುದಿಲ್ಲ. ಐಸ್, ಕರೆಂಟ್ ಶಾಕ್, ವಿಷ ಹೀರುತ್ತದೆಂದು ಗಾಯಕ್ಕೆ ಅಂಟಿಸುವ ಹಾವಿನ ಕಲ್ಲು ಎಲ್ಲವೂ ಹೊತ್ತು ಹಾಳು.

"ನಮ್ಮವರಿಗೆ ಬೇರು ಅರೆದು ಹಚ್ಚಿ ವಾಸಿಯಾಯಿತಲ್ಲ" ಅನ್ನುವವರಿಗೂ ಒಂದು ಮಾತು. ಕಚ್ಚುವ ಹಾವುಗಳಲ್ಲಿ ಎಷ್ಟೋ ಕೇರೆಯಂಥ ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲೂರುತ್ತದೆ. ಅಂಥವರು ಏನು ಹಚ್ಚಿದರೂ ಬದುಕುತ್ತಾರೆ, ಹೆಸರು ಬೇರಿಗೆ ಬರುತ್ತದೆ. ಮುಂದಿನ ಸಲ ನಿಜವಾದ ವಿಷ ಏರಿದವರೂ ಅದೇ ಬೇರು ಹುಡುಕಿಕೊಂಡು ಹೋಗುತ್ತಾರೆ.

ಆಸ್ಪತ್ರೆಗೆ ಹಾವು ಹಿಡಿದು ತರಬೇಕಾಗಿಲ್ಲ. ದೂರದಿಂದ ಫೋಟೋ ಸಿಕ್ಕರೆ ಸರಿ, ಇಲ್ಲದಿದ್ದರೂ ಸರಿ. ವೈದ್ಯರು ಲಕ್ಷಣ ನೋಡುತ್ತಾರೆ, ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುತ್ತಾರೆ. ನೀವು ಹೇಳಬೇಕಾದ್ದು ಯಾವ ಹೊತ್ತಿಗೆ ಏನಾಯಿತು ಎಂಬುದು: ಯಾವಾಗ ಕಚ್ಚಿತು, ಊತ ಎಲ್ಲಿವರೆಗೆ ಏರಿತು, ಒಸಡಿನಲ್ಲಿ ರಕ್ತ ಬಂತೇ, ಮಾತು ತೊದಲಿತೇ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದರೆ ಬಹಳ ಉಪಕಾರ. ಬೆಳಿಗ್ಗೆ ಎದ್ದವರು ಕಾರಣವಿಲ್ಲದೆ ಹೊಟ್ಟೆನೋವು ಅನ್ನುತ್ತ, ಮೇಲೆ ನೋಡು ಅಂದರೆ ರೆಪ್ಪೆ ಎತ್ತಲಾಗದೆ, ಉಗುಳು ನುಂಗಲಾಗದೆ ಕೂತಿದ್ದರೆ ಗಾಯ ಹುಡುಕುತ್ತ ಕೂರಬೇಡಿ, ಕಟ್ಟುಹಾವೆಂದೇ ತಿಳಿದು ಹೊರಡಿ. ಅದರ ವಿಷ ಸ್ನಾಯುಗಳನ್ನು ಸೋಲಿಸುತ್ತದೆ, ಪ್ರಜ್ಞೆಯನ್ನಲ್ಲ. ಕಣ್ಣು ತೆರೆಯಲಾರದೆ ಮಲಗಿರುವವರಿಗೆ ನಿಮ್ಮ ಮಾತೆಲ್ಲ ಕೇಳುತ್ತಿರಬಹುದು. ಅವರ ಎದುರು "ಮುಗಿಯಿತು" ಅನ್ನಬೇಡಿ. ಉಸಿರಾಟಕ್ಕೆ ಯಂತ್ರದ ಆಸರೆ ಸಿಕ್ಕರೆ ಅಂಥವರು ಎದ್ದು ಬರುತ್ತಾರೆ. ಅದಕ್ಕೇ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನೂ ವೆಂಟಿಲೇಟರೂ ಇದೆ ಅಂತ ಈಗಲೇ ವಿಚಾರಿಸಿ, ನಂಬರನ್ನು ಗೋಡೆಗೆ ಅಂಟಿಸಿಡಿ.

ಆ ಇಂಜೆಕ್ಷನ್ನನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದೇ ಅಂದರೆ, ಬೇಡ. ಸಾಮಾನ್ಯವಾಗಿ ಅದನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ, ಕೆಲವರಿಗೆ ಒಮ್ಮೆಲೇ ಒಗ್ಗದೆ ಉಸಿರು ಕಟ್ಟಬಹುದು. ಅದಕ್ಕೆ ಮದ್ದು ಕೈಯಲ್ಲೇ ಹಿಡಿದವರು ಮಾತ್ರ ಅದನ್ನು ಕೊಡಬೇಕು.

ಏನೂ ಆಗಿಲ್ಲ ಅನ್ನಿಸಿದರೂ ಒಂದು ಹಗಲು ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿ, ಕೆಲವು ವಿಷ ತಡವಾಗಿ ಏರುತ್ತದೆ. ಮನೆಗೆ ಬಂದು ವಾರವೋ ಹತ್ತು ದಿನವೋ ಆದ ಮೇಲೆ ಜ್ವರ, ಕೀಲುನೋವು, ಮೈತುರಿಕೆ ಬಂದರೆ ಅದು ಇಂಜೆಕ್ಷನ್ನಿಗೆ ದೇಹ ತಡವಾಗಿ ತೋರುವ ಪ್ರತಿಕ್ರಿಯೆ ಇರಬಹುದು. ಬೇರೆ ಕಡೆ ತೋರಿಸುತ್ತ ಅಲೆಯಬೇಡಿ, ಬಿಡುಗಡೆಯ ಚೀಟಿ ಹಿಡಿದು ಅದೇ ಆಸ್ಪತ್ರೆಗೆ ಹೋಗಿ.